ಫೈಲಿನೊಳಗಿನ ಗಟ್ಟಿ ಬಂಡೆ

ನನ್ನ ಸ್ವಭಾವದ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾವ ಕೆಲಸಕ್ಕೇ ಆಗಲಿ, ಕಡಿಮೆ ದರ ಹೇಳಿದವನೇ ಒಳ್ಳೆಯ ಮನುಷ್ಯ ಎಂದು ನಂಬುವವನು ನಾನು. ಇದು ಹುಟ್ಟಿನಿಂದ ಬಂದ ಗುಣವಲ್ಲ, ಕಸುಬಿನಿಂದ ಅಂಟಿದ್ದು. ಕೊಪ್ಪಳ ಹೊಸದಾಗಿ ಜಿಲ್ಲೆಯಾದಾಗ ಎಲ್ಲಿ ನೋಡಿದರೂ ಕಚೇರಿ, ರಸ್ತೆ, ಕಾಲುವೆಗಳ ಕೆಲಸಗಳು ಶುರುವಾಗಿದ್ದವು. ಆ ಸಂಭ್ರಮದಲ್ಲಿ ನಾನೂ ಒಂದು ಗುತ್ತಿಗೆದಾರನ ಲೈಸೆನ್ಸ್ ಮಾಡಿಸಿಕೊಂಡೆ. ಅಂದಿನಿಂದ ಇಂದಿನವರೆಗೆ ಟೆಂಡರ್ ಲಕೋಟೆ ಒಡೆದಾಗ ಯಾರ ಅಂಕಿ ಕೆಳಗಿದೆಯೋ ಅವನಿಗೇ ಕೆಲಸ ಸಿಗುವುದನ್ನು ನೋಡಿ ನೋಡಿ, ಜಗತ್ತೇ ಹೀಗೆ ನಡೆಯುತ್ತದೆ ಎಂದುಕೊಂಡುಬಿಟ್ಟೆ. ಒಮ್ಮೆ ನನ್ನ ದವಡೆಯ ಹಲ್ಲು ಕೀಳಿಸಬೇಕಾಯಿತು. ಗಂಗಾವತಿಯ ಡಾಕ್ಟರರ ದರ ಕೇಳಿದೆ, ಕುಷ್ಟಗಿಗೆ ಹೋದಾಗ ಅಲ್ಲಿಯದನ್ನೂ ಕೇಳಿದೆ. ಕೊಪ್ಪಳದ್ದನ್ನು ಕೇಳಬೇಕು ಎನ್ನುವಷ್ಟರಲ್ಲಿ ಹಲ್ಲು ಬೇಸತ್ತು ತಾನಾಗಿಯೇ ಬಿದ್ದುಹೋಯಿತು. ಅಷ್ಟು ದಿನ ಪಟ್ಟ ನೋವನ್ನು ಮರೆತು, ಖರ್ಚಿಲ್ಲದೆ ಕೆಲಸವಾಯಿತೆಂದು ನಾನು ಹಿಗ್ಗಿದೆ. ನನ್ನ ಹೆಂಡತಿ ಗಿರಿಜಾ ಮಾತ್ರ ತವರಿನವರಿಗೆಲ್ಲ ಫೋನ್ ಮಾಡಿ ಹೇಳಿ ನಕ್ಕಳು.

ಗಿರಿಜಾಳಿಗೆ ಒಂದು ಖೋಲಿ ಬೇಕಿತ್ತು. ಗಂಗಾವತಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಕಂಬದ ಸರಳುಗಳು ಆಕಾಶಕ್ಕೆ ಮುಖ ಮಾಡಿ ನಿಂತು ಎಷ್ಟೋ ವರ್ಷಗಳಾಗಿದ್ದವು. ಊರವರ ಮನೆಗಳಿಗೆಲ್ಲ ಮೇಲಂತಸ್ತು ಏರಿಸಿದ ಗುತ್ತಿಗೆದಾರನ ಸ್ವಂತ ಮನೆ ಅದು. ಆ ಸರಳುಗಳಿಗೆ ಹಗ್ಗ ಕಟ್ಟಿ ಅವಳು ಬಟ್ಟೆ ಒಣಹಾಕುತ್ತಿದ್ದಳು. ಅವಳ ಹೊಲಿಗೆ ಯಂತ್ರ ಅಡಿಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿತ್ತು. ಒಗ್ಗರಣೆಯ ಹೊಗೆ ಒಂದು ಕಡೆ, ಸ್ನಾನದ ಹಬೆ ಇನ್ನೊಂದು ಕಡೆ, ನಡುವೆ ಓಣಿಯ ಹೆಂಗಸರ ಕುಪ್ಪಸಗಳು. ಮೇಲೆ ಒಂದು ಖೋಲಿ, ಅದಕ್ಕೊಂದು ಕಿಟಕಿ, ಗದ್ದೆಯ ಕಡೆಯಿಂದ ಬರುವ ಗಾಳಿ. ಇಷ್ಟೇ ಅವಳ ಆಸೆ. ಅದಕ್ಕಾಗಿ ನಾವಿಬ್ಬರೂ ಕೂಡಿಸಿದ ಹಣ ಅವಳ ಹೆಸರಿನಲ್ಲಿತ್ತು. ಆದರೆ ನನ್ನ ಮೇಲೊಂದು ತೆರಿಗೆಯ ತಕರಾರು ಬಂದು, ಯಾವಾಗ ಕಟ್ಟಬೇಕಾದೀತೋ ಎಂದು ಆ ಹಣವನ್ನೇ ಮುಟ್ಟದಂತಾಯಿತು.

ತಕರಾರು ಹುಟ್ಟಿದ್ದು ಹಿಟ್ನಾಳದ ಹೆದ್ದಾರಿಯ ಬದಿಯ ಚಹಾದಂಗಡಿಯಲ್ಲಿ. ಮರಳಿಯ ಕಡೆ ಕಾಲುವೆ ಕೆಲಸಕ್ಕೆ ನನಗೆ ಕಾಂಕ್ರೀಟ್ ಕಲಸುವ ಯಂತ್ರ ಬೇಕಿತ್ತು, ಹಣವಿರಲಿಲ್ಲ. ನಾನು ಯಾರ ಕೈಕೆಳಗೆ ತುಂಡುಗುತ್ತಿಗೆ ಮಾಡುತ್ತಿದ್ದೆನೋ ಆ ದೊಡ್ಡ ಗುತ್ತಿಗೆದಾರರನ್ನು ನಾವೆಲ್ಲ ಸಾಹುಕಾರರು ಎನ್ನುತ್ತಿದ್ದೆವು. ಅವರು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, "ಅದಕ್ಯಾಕ ಚಿಂತಿ ಮಾಡ್ತೀರಿ? ಕೈಗಡ ತಗೋರಿ, ಆದಾಗ ಕೊಡ್ರಿ" ಎಂದರು. ಮರುದಿನವೇ ಬ್ಯಾಂಕಿಗೆ ಹಣ ಬಂತು. ಕಾಗದ ಪತ್ರ ಏನೂ ಇಲ್ಲ. ನಮ್ಮ ಕಡೆ ಕೈಗಡ ಕೊಟ್ಟ ಹಿರಿಯರನ್ನು ಒಂದು ಚೀಟಿ ಬರೆದುಕೊಡಿ ಎಂದು ಕೇಳುವುದು, ಊಟಕ್ಕೆ ಕರೆದವರ ಮನೆಯಲ್ಲಿ ಅನ್ನ ಬೆಂದಿದೆಯೇ ಎಂದು ಹಿಸುಕಿ ನೋಡಿದ ಹಾಗೆ. ನಾನು ನನ್ನ ಲೆಕ್ಕದಲ್ಲಿ ಸಾಲ ಎಂದು ಬರೆಸಿದೆ. ಅವರ ಮುನೀಮರು ಅವರ ಲೆಕ್ಕದಲ್ಲಿ ಕೆಲಸಕ್ಕೆ ಕೊಟ್ಟ ಹಣ ಎಂದು ಬರೆದರು. ಸಾಲವನ್ನು ನಾನು ನಿಯತ್ತಿನಿಂದ ತೀರಿಸಿದೆ. ತೀರಿಸಿದ ಮೇಲೆ ಆದಾಯ ತೆರಿಗೆಯ ನೋಟೀಸು ಬಂತು: ಇದು ಸಾಲವಲ್ಲ, ನಿಮ್ಮ ಆದಾಯ, ತೆರಿಗೆ ಕಟ್ಟಿ, ಬಡ್ಡಿ ಕಟ್ಟಿ, ದಂಡವನ್ನೂ ಕಟ್ಟಿ. ಸಾಹುಕಾರರ ಬಳಿ ಓಡಿದೆ. ಅವರು ನಿಜವಾಗಿಯೂ ನೊಂದುಕೊಂಡು, "ತಪ್ಪಾಗೈತ್ರಿ. ಖರೇ, ಈಗ ತಿದ್ದಿದ್ರ ನನಗೂ ಒಂದು ನೋಟೀಸ್ ಬರ್ತೈತಿ" ಎಂದರು, ಮತ್ತೆ ಚಹಾ ಕುಡಿಸಿದರು. ನಾನು ಮೇಲ್ಮನವಿ ಹಾಕಿದೆ. ಅದು ವರ್ಷಗಟ್ಟಲೆ ಅಲ್ಲೇ ಇತ್ತು, ಮಾಳಿಗೆಯ ಸರಳುಗಳು ತುಕ್ಕು ಹಿಡಿಯುತ್ತ ಇಲ್ಲೇ ಇದ್ದವು.

ಕೊನೆಗೆ ಸರ್ಕಾರ ಒಂದು ಇತ್ಯರ್ಥ ಯೋಜನೆ ತಂದಿತು. ತಕರಾರು ಕೈಬಿಟ್ಟು ಮೂಲ ತೆರಿಗೆಯನ್ನಷ್ಟೇ ಕಟ್ಟಿದರೆ ಬಡ್ಡಿ, ದಂಡ ಮಾಫಿ. ಸಾಲಕ್ಕೆ ತೆರಿಗೆ ಕಟ್ಟಬೇಕಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಗಿರಿಜಾ ಮಾತ್ರ, "ಕಟ್ಟಿ ಮುಗಿಸ್ರಿ. ಆದ್ರ ಒಂದು ಮಾತು, ತೆರಿಗಿ ಕಟ್ಟಿ ಉಳದಿದ್ರಾಗ ನನ್ನ ಖೋಲಿ ಆಗಬೇಕು" ಎಂದಳು. ಹಾಗಾಗಿ ಈಗ ಉಳಿದ ಪ್ರಶ್ನೆ ಒಂದೇ: ಇತ್ಯರ್ಥ ಮಾಡಿಸಿಕೊಡುವ ಸಲಹೆಗಾರರ ಫೀ ಎಷ್ಟು? ದರ ಕೇಳುವ ಕೆಲಸವೆಂದರೆ ನನಗೆ ಹಬ್ಬ. ಹೊಸ ಅಂಗಿ ಹಾಕಿಕೊಂಡು ಹೊರಟೆ.

ಮೊದಲು ಹೋದದ್ದು ಹುಬ್ಬಳ್ಳಿಗೆ. ಅಲ್ಲಿಯ ಸಲಹೆಗಾರರ ಕಚೇರಿ ಎಷ್ಟು ತಂಪಾಗಿತ್ತೆಂದರೆ, ಆ ತಂಪಿನ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆಂದು ಕೂತ ಕೂಡಲೇ ನನಗೆ ಹೊಳೆಯಿತು. ಅವರು ಇತ್ಯರ್ಥ ಬೇಡವೇ ಬೇಡ, ಕೊನೆಯವರೆಗೆ ಹೋರಾಡೋಣ ಎಂದರು. ಹೋರಾಟದ ಫೀಯನ್ನು ಒಂದು ಹಾಳೆಯ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು. ಮನೆಗೆ ಬಂದು ಗಿರಿಜಾಳಿಗೆ ಹೇಳಿದೆ. ಅವಳಿಗೆ ರೂಪಾಯಿಯ ಲೆಕ್ಕ ಬೇಡ, ಖೋಲಿಯ ಲೆಕ್ಕ ಸಾಕು. "ಇದು ಪೂರಾ ಸ್ಲ್ಯಾಬ್ ಆತಲ್ರೀ! ಗೋಡಿ ಕಟ್ಟಿ, ಆಕಾಶ ನೋಡಕೋತ ಹೊಲೀಲೇನು?" ಎಂದಳು. ಹುಬ್ಬಳ್ಳಿ ಅಲ್ಲಿಗೆ ಮುಗಿಯಿತು.

ಎರಡನೆಯವರು ಕೊಪ್ಪಳದವರು. ಭಾಳ ಮೆದು ಮಾತಿನ ಮನುಷ್ಯ. "ಮೊದ್ಲ ಒಂದ್ ಪೈಸಾ ಬ್ಯಾಡ್ರಿ. ನಿಮಗ ಎಷ್ಟು ಉಳಸ್ತೀನೋ ಅದರಾಗ ನನಗೊಂದು ಪಾಲು ಕೊಟ್ರ ಸಾಕು" ಎಂದರು. ಉಳಿಸಿದರೆ ತಾನೇ ಪಾಲು! ನನಗೆ ಅವರನ್ನು ಅಪ್ಪಿಕೊಳ್ಳುವಷ್ಟು ಪ್ರೀತಿ ಬಂತು. ಗಿರಿಜಾ ಕುಪ್ಪಸದ ಗುಂಡಿ ಹಚ್ಚುತ್ತ ಕೇಳಿಸಿಕೊಂಡು, "ಉಳಸೋದು ಅಂದ್ರ ಯಾವುದರಾಗಿಂದ?" ಎಂದಳು. ಅದನ್ನು ನಾನು ಕೇಳಿರಲಿಲ್ಲ. ಫೋನ್ ಮಾಡಿದೆ. ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿದ ಮೊತ್ತದಲ್ಲಿ ಎಷ್ಟು ಕಡಿಮೆಯಾಯಿತೋ ಅಷ್ಟೂ ಅವರು ಉಳಿಸಿದ್ದೇ ಎಂದು ಉತ್ತರ ಬಂತು. ಅವಳು ಸೂಜಿ ಕೆಳಗಿಟ್ಟಳು. "ಬಡ್ಡಿ, ದಂಡಾ ಬಿಡಾಕತ್ತಿದ್ದು ಸರಕಾರ. ಅವರು ಬಿಟ್ಟದ್ದರಾಗ ಇವರಿಗ್ಯಾಕ ಪಾಲು? ಗೋಡಿ ಹೋದೂ ನೋಡ್ರಿ, ನಾಕೂ ಗೋಡಿ!" ಇಷ್ಟು ವರ್ಷ ಅಂದಾಜು ಪಟ್ಟಿಗಳ ನಡುವೆಯೇ ಬದುಕಿದ ನನಗೆ ಹೊಳೆಯದ ಮಾತು ಗುಂಡಿ ಹಚ್ಚುವವಳಿಗೆ ಹೊಳೆದದ್ದು ಹೇಗೆ ಎಂದು ಯೋಚಿಸುತ್ತ ನಾನು ಊಟಕ್ಕೆ ಕೂತೆ.

ಮೂರನೆಯವರು ಖಾಜಾಸಾಬರು. ಕುಷ್ಟಗಿಯವರು, ಗಂಗಾವತಿಯಲ್ಲಿ ಚಿಕ್ಕದೊಂದು ಕಚೇರಿ. ಮೊದಲು ನನ್ನಂಥ ಗುತ್ತಿಗೆದಾರರ ಬಿಲ್ಲುಗಳನ್ನು ಟೈಪ್ ಮಾಡಿಕೊಡುತ್ತಿದ್ದರು, ಆಮೇಲೆ ಓದಿ ಪಾಸಾಗಿ ತೆರಿಗೆಯ ಕೆಲಸಕ್ಕೆ ಇಳಿದರು. "ಹೋರಾಡಬ್ಯಾಡ್ರಿ ಅಣ್ಣಾರ. ಗೆದ್ರೂ ಫೀ ಕೊಟ್ಟ ಸೋಲ್ತೀರಿ. ಕಟ್ಟಿ ಕೈ ತೊಳಕೋರಿ" ಎಂದರು. ಫೀ ಹೇಳಿದರು. ನನಗೆ ನಂಬಿಕೆಯಾಗದೆ ಇನ್ನೊಮ್ಮೆ ಕೇಳಿದೆ. ಅಷ್ಟು ಕಡಿಮೆ! "ಒಂದ್ ಕಿಟಕಿ" ಎಂದು ಗಿರಿಜಾ ಅಳೆದಳು. ಆಮೇಲೆ ಅನುಮಾನದಿಂದ, "ಇಷ್ಟ್ ಕಡಿಮಿ ಯಾಕ ಹೇಳ್ಯಾರ, ಕೇಳಿದ್ರೇನು?" ಎಂದಳು. ಕಡಿಮೆ ಹೇಳಿದವನನ್ನು ಯಾಕೆ ಎಂದು ಕೇಳುವ ಪದ್ಧತಿ ನಮ್ಮ ಕಸುಬಿನಲ್ಲಿ ಇಲ್ಲವೆಂದು ತಿಳಿಸಿದೆ.

ಇಲ್ಲಿ ತಳಕಲ್ಲಿನ ಕಡೆಯ ಒಂದು ಸಣ್ಣ ಸೇತುವೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಕೆಲಸವನ್ನು ನಾನು ಎಲ್ಲರಿಗಿಂತ ಕಡಿಮೆಗೆ ಹಿಡಿದಿದ್ದೆ. ಪಾಯ ಅಗೆದಾಗ ಗಟ್ಟಿ ಬಂಡೆ ಹತ್ತಿತು. ಮಣ್ಣು ಅಗೆಯುವ ದರವೇ ಬೇರೆ, ಬಂಡೆ ಒಡೆಯುವ ದರವೇ ಬೇರೆ. ಇಂಜಿನಿಯರರ ಮುಂದೆ ಕೈಕಟ್ಟಿ ನಿಂತು, "ಅಂದಾಜಿನ್ಯಾಗ ಇರಲಿಲ್ರಿ ಸಾಹೇಬ್ರ, ಅಗದ ಮ್ಯಾಲ ಗೊತ್ತಾತು" ಎಂದು ಹೆಚ್ಚುವರಿ ಬಿಲ್ಲು ಹಾಕಿದೆ. ನಮ್ಮ ಜಿಲ್ಲೆಯ ಮೇಲೆ ದೇವರ ದಯೆ ದೊಡ್ಡದು, ಎಲ್ಲಿ ಅಗೆದರೂ ಬಂಡೆ ಇದೆ. ಹಾಗಾಗಿ ನನ್ನ ಕಡಿಮೆ ದರದ ಕೆಲಸಗಳು ಹೇಗೋ ದಡ ಸೇರುತ್ತಿದ್ದವು. ಆ ಬಿಲ್ಲುಗಳನ್ನೆಲ್ಲ ಟೈಪ್ ಮಾಡಿದವರು ಇದೇ ಖಾಜಾಸಾಬರು.

ಕೆಲಸ ಶುರುವಾಗಿ ಸ್ವಲ್ಪ ದಿನಕ್ಕೆ ಅವರ ಫೋನ್ ಬಂತು. ದನಿ ಭಾಳ ವಿನಯದ್ದು. "ಅಣ್ಣಾರ, ಒಂದ್ ಸಣ್ಣ ವಿಷಯ ಐತ್ರಿ. ಅಂದಾಜಿನ್ಯಾಗ ಇರಲಿಲ್ಲ. ನಿಮ್ಮ ಫೈಲ್ ಅಗದ್ವಿ. ಗಟ್ಟಿ ಬಂಡೆ ಹತ್ತೈತಿ."

ನಾನು ಸಿಟ್ಟಾಗಬೇಕಿತ್ತು. ಆದರೆ ನನ್ನದೇ ಮಾತು ನನ್ನದೇ ದನಿಯಲ್ಲಿ ಮನೆಗೆ ಮರಳಿದಾಗ ಯಾರ ಮೇಲೆ ಸಿಟ್ಟಾಗುವುದು? ಹಳೆಯ ಮೇಲ್ಮನವಿ ಹಿಂತೆಗೆಯುವುದು, ಮುಚ್ಚಿದ ಬ್ಯಾಂಕ್ ಖಾತೆಯ ವಿವರ ತರಿಸುವುದು, ಬಳ್ಳಾರಿಯ ತೆರಿಗೆ ಕಚೇರಿಗೆ ಹೋಗಿಬಂದದ್ದು ಎಂದು ಅವರು ಒಂದೊಂದಾಗಿ ಹೇಳುತ್ತ ಹೋದರು. ಎಲ್ಲ ಸೇರಿಸಿದರೆ ಕಿಟಕಿಯ ಜೊತೆಗೆ ಬಾಗಿಲು, ಮೆಟ್ಟಿಲು, ನೆಲದ ಫರ್ಸಿ ಎಲ್ಲ ಹೋಗುತ್ತಿತ್ತು. ನಾನು ಹೂಂ ಎನ್ನುತ್ತಿದ್ದೆ. ನಾನು ಹೂಂ ಎನ್ನುವುದನ್ನು ಕೇಳಿ ಗಿರಿಜಾ ಚಪ್ಪಲಿ ಮೆಟ್ಟಿಕೊಂಡಳು.

ನಾವಿಬ್ಬರೂ ಕಚೇರಿಯೊಳಗೆ ಕಾಲಿಡುತ್ತಲೇ ಖಾಜಾಸಾಬರು ಎದ್ದು ನಿಂತು, "ಬರ್ರಿ ಅಕ್ಕಾರ, ಕೂಡ್ರಿ" ಎಂದು ಕುರ್ಚಿ ಹಾಕಿಸಿದರು. ಅವಳು ಕೂತಳು. "ನಮ್ಮನಿಯವರು ಬಂಡೆ ಒಡದು ಹೊರಗ ರಾಶಿ ಹಾಕಿದ ಮ್ಯಾಲೇ ಇಂಜಿನಿಯರ್ ಸಾಹೇಬ್ರು ಟೇಪ್ ಹಿಡೀತಾರ. ರಾಶಿ ನೋಡದ ಒಂದ್ ರೂಪಾಯಿ ಕೊಡಂಗಿಲ್ಲ. ನಿಮ್ಮ ರಾಶಿ ಎಲ್ಲೈತಿ, ತೋರಿಸ್ರಿ."

ಅವರು ಜೋರಾಗಿ ನಕ್ಕುಬಿಟ್ಟರು. ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಮೇಲ್ಮನವಿಯ ಕೆಲಸ ನಿಜ, ಬ್ಯಾಂಕಿನದೂ ನಿಜ. ಬಳ್ಳಾರಿಯ ಖರ್ಚಿನ ಸರದಿ ಬಂದಾಗ ಗಿರಿಜಾ, "ಅವತ್ತ ನಿಮ್ಮ ಸಣ್ಣಪ್ಪನ ಮಗಳ ಮದುವಿ ಬಳ್ಳಾರಿ ಒಳಗ ಇತ್ತಲ್ಲ? ನಿಮ್ಮ ಮನಿಯವರ ಕುಪ್ಪಸಾ ನಾನ ಹೊಲಿದಿದ್ದು. ಮದುವಿ ಊಟಾ ಬಂಡೆ ಲೆಕ್ಕದಾಗ ಬರಂಗಿಲ್ರಿ" ಎಂದಳು. ಖಾಜಾಸಾಬರು ತಾವಾಗಿಯೇ ಪೆನ್ನು ತೆಗೆದು ಅದನ್ನು ಹೊಡೆದುಹಾಕಿದರು. ಕೊನೆಗೆ ಫೀ ಎಂದು ನಿಂತದ್ದು ಒಂದು ಕಿಟಕಿ ಮತ್ತು ಒಂದು ಬಾಗಿಲು. ಅದರಲ್ಲೂ ಸ್ವಲ್ಪ ಭಾಗವನ್ನು, ತಕರಾರು ಮುಗಿಯಿತೆಂಬ ಪ್ರಮಾಣಪತ್ರ ಕೈಗೆ ಬರುವವರೆಗೆ ಕೊಡುವುದಿಲ್ಲ ಎಂದು ಅವಳು ಹಿಡಿದಿಟ್ಟಳು. ಕಟ್ಟಿದ್ದು ಗಟ್ಟಿಯಾಗಿದೆಯೆಂದು ಗೊತ್ತಾಗುವವರೆಗೆ ಇಲಾಖೆಯವರು ನನ್ನ ಬಿಲ್ಲಿನ ಸ್ವಲ್ಪ ಹಣವನ್ನು ಠೇವಣಿಯೆಂದು ಹಿಡಿದಿಡುವುದೂ ಹೀಗೆಯೇ. "ಅಕ್ಕಾರು ಇಂಜಿನಿಯರ್ ಆಗಬೇಕಿತ್ತು" ಎಂದರು ಖಾಜಾಸಾಬರು. ಆಗದಿದ್ದದ್ದು ನನ್ನ ಪುಣ್ಯ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಪ್ರಮಾಣಪತ್ರ ಬಂತು. ಅದನ್ನು ಹಿಡಿದುಕೊಂಡಾಗ ಎದೆಯ ಮೇಲಿನ ಭಾರ ಇಳಿದ ಸುಖ ಎಷ್ಟಿತ್ತೆಂದರೆ, ಫೀ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಿಚಾರವೇ ಮರೆತುಹೋಯಿತು. ಖೋಲಿಯನ್ನು ನಾನೇ ಕಟ್ಟಿದೆ. ಕಿಟಕಿ ಇಡಿಸಿಯೇ ಇಡಿಸಿದಳು, ಬಾಗಿಲಿಗೆ ಮಾತ್ರ ಹಣ ಸಾಲದೆ ಪರದೆ ಹೊಲಿದು ಹಾಕಿದಳು. ಯಂತ್ರ ಮೇಲೇರಿತು. ಸಂಜೆ ಗದ್ದೆಯ ಗಾಳಿಗೆ ಆ ಪರದೆ ಹಾರಾಡುವಾಗ, ಅವಳು ಏನನ್ನೋ ಗುನುಗುತ್ತ ಹೊಲಿಯುವುದು ಕೆಳಗಿನವರೆಗೆ ಕೇಳಿಸುತ್ತದೆ. ನನಗೆ ನಿಜವಾಗಿಯೂ ಸಂತೋಷವಾಗುತ್ತದೆ.

ಈ ಮಳೆಗಾಲದ ಶುರುವಿನಲ್ಲಿ ಖಾಜಾಸಾಬರು ಚಹಾಕ್ಕೆ ಬಂದರು. ಖೋಲಿಯನ್ನೆಲ್ಲ ನೋಡಿ ಹೊಗಳಿ, ಪರದೆ ಮುಟ್ಟಿ, "ಬಾಗಲಾ ಎಲ್ಲೈತ್ರಿ ಅಕ್ಕಾರ?" ಎಂದರು.

"ನಿಮ್ಮ ಆಫೀಸಿನ್ಯಾಗ ಐತಿ" ಎಂದಳು ಗಿರಿಜಾ.

ನಾನು ಚಹಾ ಚೆಲ್ಲುವಷ್ಟು ನಕ್ಕೆ. ನಗುವುದು ಮುಗಿಯುವ ಮೊದಲೇ ಕಿಟಕಿಯ ಮೇಲಿನ ಮೂಲೆಯಿಂದ, ಅದರ ಕೆಳಗೇ ಕೂತಿದ್ದ ನನ್ನ ಬೋಳು ತಲೆಯ ಮೇಲೆ ಒಂದು ಹನಿ ಬಿತ್ತು. ಮೇಲೆ ನೋಡಿದೆ, ಇನ್ನೊಂದು ಬಿತ್ತು. ಕಿಟಕಿಯ ಮೇಲೆ ಮಳೆ ತಡೆಯುವ ಚಜ್ಜಾವನ್ನು ಕಡಿಮೆ ದರದ ಮೇಸ್ತ್ರಿಯಿಂದ ಹಾಕಿಸಿದ್ದೆ. ಗಂಟಲು ಸರಿಮಾಡಿಕೊಂಡು, "ಅದು ಅಂದಾಜಿನ್ಯಾಗ ಇರಲಿಲ್ಲ..." ಎಂದು ಶುರು ಮಾಡಿದೆ. ಖಾಜಾಸಾಬರು ನಗು ತಡೆಯಲು ಬಸಿಯಿಂದ ಮುಖ ಮುಚ್ಚಿಕೊಂಡರು.

"ಮಾಳಿಗಿ ಮ್ಯಾಲ ಯಾವ ಬಂಡೆ ಹತ್ತಿತ್ರೀ?" ಎಂದು ಕೇಳಿ ಗಿರಿಜಾ ಕುಪ್ಪಸದ ಹೊಲಿಗೆಗೆ ತಿರುಗಿದಳು. ಬಾಗಿಲಿಗೆಂದು ನಾನು ಆಗಾಗ ಅವಳ ಕೈಗೆ ಕೊಡುತ್ತಿದ್ದ ಹಣದಲ್ಲಿ ಸ್ವಲ್ಪ ತೆಗೆದು ಹಬ್ಬಕ್ಕೆ ನನಗೊಂದು ಹೊಸ ಅಂಗಿ ಕೊಡಿಸುವುದೆಂದು ಮಾತಾಗಿತ್ತು. ಒಂದು ಮಳೆಗಾಲ ಪೂರ್ತಿ ಸೋರದೆ ದಾಟುವವರೆಗೆ ಆ ಅಂಗಿ ಠೇವಣಿಯಲ್ಲಿದೆ. ನಾನೀಗ ಹಳೆಯ ಅಂಗಿಯಲ್ಲೇ, ಸಿಮೆಂಟಿನ ಬುಟ್ಟಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದೇನೆ. ಕೆಳಗೆ ಅವಳು ಟೇಪು ಹಿಡಿದು ಕಾಯುತ್ತಿದ್ದಾಳೆ.