ಮಾವನ ಕಂಪ್ಯೂಟರಿನ ಜೋಡಿ ಭಜನೆ

ನನ್ನ ಭಾನುವಾರಗಳನ್ನೆಲ್ಲ ಯಾರು ತಿಂದರು ಎಂದು ಕೇಳಿದರೆ, ಹಿಂದೆಮುಂದೆ ನೋಡದೆ ಸೋದರಮಾವನತ್ತ ಬೆರಳು ತೋರಿಸುತ್ತೇನೆ. ಅಂಕೋಲೆಯ ಈ ನಿವೃತ್ತ ಸರ್ವೇಯರ್ ತನ್ನ ಅಳತೆ ಬಿಟ್ಟು ಲೋಕದಲ್ಲಿ ಇನ್ಯಾರ ಅಳತೆಯನ್ನೂ ನಂಬಿದವರಲ್ಲ. ಮೀನುಪೇಟೆಗೂ ಟೇಪು ಹಿಡಿದೇ ಹೋಗುತ್ತಾರೆ! ಒಮ್ಮೆ ಇಸ್ವಾಣ ಮೀನಿನ ಉದ್ದ ಅಳೆಯುತ್ತಿದ್ದಾಗ ಮಾರುವವಳು, "ಒಡೆಯಾ, ಇದ್ಕೂ ಪಹಣಿ ಬೇಕನಾ?" ಎಂದಳು. ಮಾವ ನಗಲಿಲ್ಲ. ಬಾಲದ ಕಡೆಯಿಂದ ಮತ್ತೊಮ್ಮೆ ಅಳೆದರು.

ಇಂಥವರು ಕಂಪ್ಯೂಟರಿಗೆ, ಎಲ್ಲವನ್ನೂ ತಾವೇ ಹೊಂದಿಸಿಕೊಳ್ಳಬೇಕಾದ ಲಿನಕ್ಸ್ ಹಾಕಿಕೊಂಡರೆ ಕೇಳಬೇಕೆ? ಮೌಸ್ ಮುಟ್ಟಲು ಯಾರಿಗೂ ಬಿಡಲಿಲ್ಲ. "ನನ್ನ ಕೆಲ್ಸ ನಾನೇ ಮಾಡ್ಕಂತೆ. ಯಾರೂ ಬೇಡ" ಎಂಬುದೇ ಅವರ ಮಂತ್ರ. ಯಾರೂ ಬೇಡ, ಆದರೆ ಕಾರವಾರದಲ್ಲಿರುವ ನಾನು ಫೋನಿನಲ್ಲಿ ಮಾತ್ರ ಸದಾ ಬೇಕು!

ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಭಜನೆ ತನ್ನಷ್ಟಕ್ಕೆ ಶುರುವಾಗಬೇಕೆಂಬುದು ಅವರ ಆಸೆ. ಶುರುವಾಯಿತು, ಆದರೆ ಎರಡೆರಡು! ಒಂದು ಪಲ್ಲವಿಯಲ್ಲಿದ್ದರೆ ಇನ್ನೊಂದು ಆಲಾಪದಲ್ಲಿ. "ಭಜನಾ ಮಂಡಳಿ ಕಟ್ಟಿದ್ರನಾ?" ಎಂದು ನೆರೆಮನೆಯವರು ಕೇಳಿದರಂತೆ.

"ತನ್ನಷ್ಟಕ್ಕೆ ತೆರೆಯೂ ಪ್ರೋಗ್ರಾಮಿನ ಪಟ್ಟಿ ನೋಡಿ ಮಾವ. ಹಾಡಿಂದು ಎರಡ್ ಸಲ ಇದ್ಯಾ?"

"ಒಂದೇ ಅದೆ."

ಹಿಂದಿನ ದಿನ ತೆರೆದಿಟ್ಟದ್ದನ್ನು ಮತ್ತೆ ತೆರೆಯುವ ವ್ಯವಸ್ಥೆಯನ್ನು ಫೋನಿನಲ್ಲೇ ಹೇಳಿ ನಿಲ್ಲಿಸಿದೆ. ಆದರೂ ಎರಡು. ಪಟ್ಟಿಯಲ್ಲಿದ್ದದ್ದನ್ನೇ ತೆಗೆದುಹಾಕಿ ಎಂದೆ. ಮರುದಿನ ಮೂರು! ಹೀಗೆ ಆರು ತಿಂಗಳು, ಪ್ರತಿ ಭಾನುವಾರ ಫೋನಿನಲ್ಲಿ ನನ್ನ ರೇಗಾಟ. ಕೊನೆಗೆ ಅಂಕೋಲೆಯ ಬಸ್ಸು ಹತ್ತಿದೆ. ಹಟ್ಟಿಕೇರಿ ದಾಟುವವರೆಗೂ ಹಲ್ಲು ಕಡಿಯುತ್ತಲೇ ಇದ್ದೆ.

ಮಾವನ ಹಿಂದೆ ನಿಂತು ಪಟ್ಟಿ ನೋಡಿದೆ. ಅದೇ ಹೆಸರು, ಒಂದರ ಕೆಳಗೊಂದು, ಮೂರು ಸಲ. ಮೊದಲೇ ಎರಡು ಸಲ ಸೇರಿಸಿದ್ದು ಸಾಲದೆಂದು, ತೆಗೆದುಹಾಕಿ ಎಂದಾಗಲೂ ಇವರು ಪಕ್ಕದ 'ಸೇರಿಸಿ' ಗುಂಡಿಯನ್ನೇ ಒತ್ತಿದ್ದರು. ನನ್ನ ಸಿಟ್ಟು ನೆತ್ತಿಗೇರಿತು.

"ಇಷ್ಟ್ ದೊಡ್ಡಕೆ ಬರದದೆ! ಕಣ್ಣ್ ಕಾಣ್ಸೂದಿಲ್ವಾ ನಿಮ್ಗೆ?"

ಮಾವ ಅಡುಗೆಮನೆಯತ್ತ ಒಮ್ಮೆ ತಿರುಗಿ, ದನಿ ತಗ್ಗಿಸಿದರು. "ಇಲ್ಲ ಮಾರಾಯಾ. ನಡೂಮಧ್ಯ ಮಂಜು ಕೂತಂಗೆ ಆಗ್ತದೆ. ಅಂದಾಜಿನ ಮೇಲೆ ಒತ್ತೂದು. ನಿನ್ನ ಅತ್ತೆಗೆ ಹೇಳ್ಬೇಡ, ಮತ್ತೆ ಪೇಟೆಗೆ ಒಬ್ನೇ ಬಿಡೂದಿಲ್ಲ."

ಅಂದಾಜು! ಆ ಶಬ್ದ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆರು ತಿಂಗಳು ಅವರ ಮೇಲೆ ಹರಿಯಬಿಟ್ಟ ನನ್ನ ನಾಲಿಗೆಯ ಬಗ್ಗೆ ನನಗೇ ಹೇಸಿಗೆಯಾಯಿತು.

"ನಾಳೆ ಕಾರವಾರದಲ್ಲಿ ಡಾಕ್ಟರಿಗೆ ತೋರ್ಸ್ವ ಮಾವ. ನಾನೇ ಬಂದು ಕರ್ಕಂಡು ಹೋಗ್ತೆ."

"ಬಸ್ಸಿನ ಬೋರ್ಡು ಓದೂಕೆ ಬೇಕಾರೆ ಬಾ. ಕೈ ಹಿಡ್ದು ನಡ್ಸೂಕೆಲ್ಲ ಬರ್ಬೇಡ" ಎಂದು ಗದರಿದರು. ಗದರುವಾಗ ನನ್ನ ಮಣಿಕಟ್ಟು ಅವರ ಮುಷ್ಟಿಯಲ್ಲೇ ಇತ್ತು.