ಮಲಗಿಕೊಂಡು ಕೂತ ಪರೀಕ್ಷೆ

ಪರೀಕ್ಷೆಯ ವಿಷಯದಲ್ಲಿ ನಾನು ಹುಟ್ಟಾ ಪುಕ್ಕಲ. ಹೈಸ್ಕೂಲಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ ನೀರು ಕುಡಿದುಬರಲು ಅಪ್ಪಣೆ ಕೇಳುತ್ತಿದ್ದವನು. ಈಗ ತಲೆ ನರೆತಿದೆ, ಆದರೂ ಮಗಳಿಗೆ ಪರೀಕ್ಷೆ ಅಂದರೆ ರಾತ್ರಿಯೆಲ್ಲ ಎದ್ದು ಕೂರುವವನು ನಾನು. ಆದರೆ ನನ್ನ ಜನ್ಮದಲ್ಲೇ ಅತಿ ಭಯಂಕರವಾದ ಪರೀಕ್ಷೆಗೆ ನಾನು ಒಂದಕ್ಷರ ಓದಬೇಕಿರಲಿಲ್ಲ, ಬರೆಯಬೇಕಿರಲಿಲ್ಲ. ಸುಮ್ಮನೆ ಮಲಗಿದ್ದರೆ ಸಾಕಿತ್ತು. ಅದನ್ನೂ ಕೆಡಿಸಿದೆ.

ಮದರಾಸಿನಲ್ಲಿ ಟ್ರಾಮು ನಿಂತು ನಾಲ್ಕೈದು ವರ್ಷವಾಗಿದ್ದ ಕಾಲ. ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಜನ ತಮ್ಮ ಆರೋಗ್ಯದ ಬಗ್ಗೆ ಬರೆದುಕೊಟ್ಟದ್ದರಲ್ಲಿ ಸುಳ್ಳೆಷ್ಟು ನಿಜವೆಷ್ಟು ಎಂದು ಹುಡುಕುವುದೇ ನನ್ನ ಕೆಲಸ. ಅದರಲ್ಲಿ ನಾನು ನಿಸ್ಸೀಮ ಅಂತ ಹೆಸರೂ ಇತ್ತು. ಹುಡುಕಿ ಹುಡುಕಿ ಕೊನೆಗೆ ನನಗೇ ಹೊಟ್ಟೆಹುಣ್ಣಾಯಿತು. ದೊಡ್ಡಾಸ್ಪತ್ರೆಯೊಂದರಲ್ಲಿ ಮೂರು ವಾರ ಅಲ್ಲಾಡದೆ ಮಲಗಬೇಕು, ಎರಡು ಗಂಟೆಗೊಮ್ಮೆ ಹಾಲು. ಹಾಲು ಬಿಟ್ಟರೆ ಹಾಲು. ವಾರ್ಡಿನ ಸಿಸ್ಟರ್ ದಿನಕ್ಕೆರಡು ಸಲ ನನ್ನ ಮಂಚದ ಬಳಿ ನಿಂತು ಬೆರಳಾಡಿಸಿ, "ಕಾಪಿ ಕೂಡಾದು!" ಎನ್ನುತ್ತಿದ್ದರು. ಒಮ್ಮೆ ಸಿಕ್ಕಿಬಿದ್ದಿದ್ದೆ. ಇನ್ನೊಮ್ಮೆ ಕಾಫಿ ಮುಟ್ಟಿದರೆ ಇನ್ನೂ ಹದಿನೈದು ದಿನ ಮಲಗಿಸುತ್ತೇನೆ, ನಿನ್ನ ಹೆಂಡತಿಗೂ ಹೇಳುತ್ತೇನೆ ಅಂದಿದ್ದರು. ಹದಿನೈದು ದಿನವನ್ನು ಹೇಗೋ ಸಹಿಸಬಹುದಿತ್ತು.

ಅದೇ ವಾರ್ಡಿನಲ್ಲಿ ಕಡೆಯ ವರ್ಷದ ನರ್ಸಿಂಗ್ ಕಲಿಯುತ್ತಿದ್ದವಳು ಸುಗುಣ. ಚಾಮರಾಜನಗರದ ಕಡೆಯ ಹುಡುಗಿ. ನನ್ನ ಬಾಯಿಂದ ಮೈಸೂರಿನ ಕನ್ನಡ ಕೇಳಿದ ದಿನ, "ಸಾರ್, ನೀವು ನಮ್ಮೋರಾ!" ಅಂತ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಕೈ ಬಹಳ ಒಳ್ಳೆಯದು. ಸೂಜಿ ಚುಚ್ಚಿ ತೆಗೆದ ಮೇಲೆ, "ಶುರು ಮಾಡಮ್ಮ" ಎಂದು ನಾನೇ ಹೇಳಿದ್ದುಂಟು. ಆದರೆ ಪಾಪ, ಹಿಂದಿನ ಸಲ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಉತ್ತರ ತಪ್ಪಾಗಿ ಅಲ್ಲ. ಸರಿಯಾದ ಉತ್ತರವನ್ನೇ ಹೇಳಿದ್ದಳಂತೆ. ಪರೀಕ್ಷಕಿ ಕನ್ನಡಕದ ಮೇಲಿಂದ ನೋಡಿ "ಖಂಡಿತವಾ?" ಅಂದದ್ದೇ ತಡ, ಹೆದರಿ ಉತ್ತರ ಬದಲಾಯಿಸಿಬಿಟ್ಟಿದ್ದಳು. ಈಗ ಎರಡನೆಯ ಸಲ. ಮೂರನೆಯ ಸಲ ಕೂರಿಸುವ ಪದ್ಧತಿ ಅಲ್ಲಿರಲಿಲ್ಲ. ಇದರಲ್ಲಿ ಹೋದರೆ ಮೂರು ವರ್ಷದ ದುಡಿಮೆಯೆಲ್ಲ ನೀರುಪಾಲು, ಟ್ರಂಕು ಹೊತ್ತು ಊರಿಗೆ ಹೊರಡಬೇಕು.

ಅವಳ ಪರೀಕ್ಷೆಗೆ ರೋಗಿಯಾಗಿ ಗೊತ್ತಾದವನು ನಾನು. ಪಕ್ಕದ ಮಂಚದ ಮುದಲಿಯಾರರಿಗೆ ಹೊಟ್ಟೆಕಿಚ್ಚು. ನಾನೋ, ಗಡ್ಡ ಬೋಳಿಸಿಕೊಂಡು ಮದುಮಗನ ಹಾಗೆ ಸಿದ್ಧನಾದೆ. "ಹೆದರಬೇಡಮ್ಮ, ನಾನಿದ್ದೀನಿ" ಎಂದು ಧೈರ್ಯ ಬೇರೆ ಹೇಳಿದೆ. ಎಂಥ ಮಾತು!

ಪರೀಕ್ಷೆ ಒಂಬತ್ತಕ್ಕೆ. ಎಂಟೂಕಾಲಿಗೆ ಭಟ್ಟರು ಬಂದರು. ಉಡುಪಿ ಕಡೆಯವರು, ಆಸ್ಪತ್ರೆಯ ಎದುರಿನ ಬೀದಿಯಲ್ಲಿ ಹೋಟೆಲು, ನನಗೆ ಹಳೆಯ ಸ್ನೇಹಿತರು. ಹೆಗಲ ಮೇಲಿನ ಉತ್ತರೀಯದ ಕೆಳಗೆ ಒಂದು ಕೂಜ.

"ಎಂತ ಮಾರಾಯ್ರೆ, ಹಾಲು ಕುಡಿದು ಕುಡಿದು ಮುಖ ಬಿಳುಚಿಕೊಂಡಿದೆಯಲ್ಲ! ಒಂದು ಲೋಟ ಕುಡಿದರೆ ಎಂತದೂ ಆಗುವುದಿಲ್ಲ" ಅಂದರು. ನಾನು ಬೇಡ ಅಂದೆ. ಅಂದೆ ಅಂತ ನನ್ನ ನೆನಪು. ಕುಡಿದದ್ದಂತೂ ನಿಜ. ಸುಡುಸುಡು ಕಾಫಿಯ ಕೊನೆಯ ಗುಟುಕು ಗಂಟಲಲ್ಲಿರುವಾಗಲೇ ಬಾಗಿಲಲ್ಲಿ ಬೂಟಿನ ಸದ್ದು. ಪರೀಕ್ಷಕಿ ಅರ್ಧ ಗಂಟೆ ಮುಂಚೆಯೇ ಬಂದುಬಿಟ್ಟಿದ್ದರು! ಭಟ್ಟರು ಕೂಜದ ಸಮೇತ ಮಾಯ.

ಪರೀಕ್ಷಕಿ ಬೇರೆ ಆಸ್ಪತ್ರೆಯವರು, ಎತ್ತರದ ಹೆಂಗಸು. ಅವರ ಬೆನ್ನ ಹಿಂದೆ ನಮ್ಮ ಸಿಸ್ಟರ್. ಮಾತೆಲ್ಲ ಇಂಗ್ಲಿಷಿನಲ್ಲೇ. ಸುಗುಣ ಕೈ ತೊಳೆದು ಬಂದು ನನ್ನ ನಾಡಿ ಎಣಿಸಿದಳು. ಎಪ್ಪತ್ತಾರು. ಆಮೇಲೆ ಥರ್ಮಾಮೀಟರು ನನ್ನ ನಾಲಿಗೆಯ ಕೆಳಗಿಟ್ಟು, ತೆಗೆದು, ಬೆಳಕಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು.

"ನೂರಾ ಒಂದು, ಮೇಡಂ."

"ಹೊಟ್ಟೆಹುಣ್ಣಿನ ರೋಗಿಗೆ ಇದ್ದಕ್ಕಿದ್ದಂತೆ ನೂರಾ ಒಂದು. ಏನು ಮಾಡುತ್ತೀ? ಡಾಕ್ಟರನ್ನು ಕರೆಯುತ್ತೀಯಾ?"

ಸುಗುಣ ನನ್ನ ಹಣೆ ಮುಟ್ಟಿದಳು. ಆಮೇಲೆ ನನ್ನತ್ತ ಬಗ್ಗಿ ಕನ್ನಡದಲ್ಲಿ ಕೇಳಿದಳು: "ಸಾರ್, ಈಗ ಬಿಸಿಯಾಗಿ ಏನಾದ್ರೂ ಕುಡಿದ್ರಾ?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಿಸ್ಟರಿನ ಎರಡು ಕಣ್ಣೂ ನನ್ನ ಮೇಲಿದ್ದವು. ಹೆಂಡತಿಯ ಮುಖವೂ ಕಣ್ಣ ಮುಂದೆ ಬಂತು. "ಇಲ್ಲಮ್ಮ, ಏನೂ ಇಲ್ಲ" ಅಂದೆ, ಎಲ್ಲರಿಗೂ ತಿಳಿಯುವ ಹಾಗೆ ತಲೆಯನ್ನೂ ಅಲ್ಲಾಡಿಸಿದೆ. ಥೂ ನನ್ನ ಜನ್ಮಕ್ಕಿಷ್ಟು!

ಸುಗುಣ ನೆಟ್ಟಗೆ ನಿಂತಳು. "ಮೇಡಂ, ಮೈ ತಣ್ಣಗಿದೆ, ನಾಡಿ ಸರಿಯಾಗಿದೆ. ಇದು ಜ್ವರ ಅಲ್ಲ. ಬಿಸಿ ಕುಡಿದಿದ್ದಾರೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ."

"ರೋಗಿ ಕುಡಿದಿಲ್ಲ ಅನ್ನುತ್ತಿದ್ದಾನೆ." ಕನ್ನಡಕ ಮೂಗಿನ ತುದಿಗಿಳಿಯಿತು. "ನೀನು ಹೇಳುವುದು ಖಂಡಿತವಾ?"

ಅದೇ ಮಾತು! ಸುಗುಣ ನನ್ನನ್ನು ನೋಡಿದಳು, ನಾನು ಫ್ಯಾನು ನೋಡಿದೆ.

"ಖಂಡಿತ, ಮೇಡಂ" ಅಂದಳು, ಸಣ್ಣ ದನಿಯಲ್ಲಿ.

ಆ ಹದಿನೈದು ನಿಮಿಷ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ರೋಗಿಯನ್ನು ಮಲಗಿಸಿಯೇ ಹಾಸಿಗೆ ಬದಲಾಯಿಸುವುದೂ ಪರೀಕ್ಷೆಯ ಭಾಗ. ಸುಗುಣ ನನ್ನನ್ನು ಎಡಕ್ಕೆ ಹೊರಳಿಸಿದಳು, ಬಲಕ್ಕೆ ಹೊರಳಿಸಿದಳು. ಅವಳ ಬೆರಳು ಮಂಜುಗಡ್ಡೆಯಾಗಿತ್ತು. ಒಂದು ವೇಳೆ ನನಗೆ ನಿಜವಾಗಿಯೇ ಜ್ವರ ಬಂದಿದ್ದರೆ? ಹುಡುಗಿಯ ಬಾಳಿಗೆ ಮಣ್ಣು ಹಾಕಿದೆನಲ್ಲಾ ಎಂದು ಎದೆ ಡವಡವ ಹೊಡೆದುಕೊಳ್ಳತೊಡಗಿತು. ಸರಿಯಾಗಿ ಆಗಲೇ ಪರೀಕ್ಷಕಿ ತಾವೇ ಬಂದು ನನ್ನ ಕೈ ಹಿಡಿಯಬೇಕೇ! ಗಡಿಯಾರ ನೋಡಿ ಹುಬ್ಬೇರಿಸಿದರು.

"ನೂರಾ ಹತ್ತು. ನಾಡಿ ಸರಿಯಾಗಿದೆ ಅಂದೆಯಲ್ಲ?"

ಸುಗುಣಳ ಮುಖದಲ್ಲಿ ರಕ್ತವೇ ಇರಲಿಲ್ಲ. ಸಾಕು, ಇನ್ನು ತಡೆಯಲಾರೆ, ಹದಿನೈದಲ್ಲ ಐವತ್ತು ದಿನ ಮಲಗಿಸಲಿ ಎಂದುಕೊಂಡು, "ಸಿಸ್ಟರ್, ನಾನು..." ಅಂತ ಬಾಯಿ ತೆರೆದೆ. ತೆರೆದ ಬಾಯಿಗೆ ಸುಗುಣ ಥರ್ಮಾಮೀಟರು ಇಟ್ಟಳು.

"ಮಾತಾಡಬೇಡಿ ಸಾರ್. ಬಾಯಿ ಮುಚ್ಚಿ."

ಜೀವಮಾನದಲ್ಲಿ ಒಮ್ಮೆ ನಿಜ ಹೇಳಲು ಹೊರಟವನ ಗತಿ ಇದು. ಎರಡು ನಿಮಿಷ ತಪ್ಪೊಪ್ಪಿಗೆಯನ್ನೂ ಪಾದರಸವನ್ನೂ ಬಾಯಲ್ಲಿಟ್ಟುಕೊಂಡು ಮಲಗಿದ್ದೆ. ಅವಳು ತೆಗೆದು ನೋಡಿದಳು. ಒಂದು ಉಸಿರು ಬಿಟ್ಟಳು. ಥರ್ಮಾಮೀಟರನ್ನು ಪರೀಕ್ಷಕಿಯ ಕೈಗೇ ಕೊಟ್ಟಳು.

"ತೊಂಬತ್ತೆಂಟು ಪಾಯಿಂಟ್ ನಾಲ್ಕು" ಎಂದು ಓದಿದರು ಅವರು. "ಸರಿ. ಹಾಗಾದರೆ ಆ ನಾಡಿ ಯಾಕೆ ನೂರಾ ಹತ್ತಕ್ಕೆ ಏರಿತು?"

ಸುಗುಣ ಒಂದು ಕ್ಷಣವೂ ಯೋಚಿಸಲಿಲ್ಲ. "ಸುಳ್ಳು ಹೇಳಿದ್ದಕ್ಕೆ, ಮೇಡಂ."

"ಖಂಡಿತವಾ?"

"ಖಂಡಿತ!" ಈ ಸಲ ಮುದಲಿಯಾರರ ಮಂಚಕ್ಕೂ ಕೇಳಿಸಿತು.

ಪರೀಕ್ಷಕಿ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಸುಗುಣ ಪಾಸಾದಳು. ನನಗೆ ಹದಿನೈದು ದಿನ ಹೆಚ್ಚಿಗೆ ಸಿಕ್ಕಿತು, ಹಾಲು ಸಮೇತ. "ನಾನು ಸುಳ್ಳು ಹೇಳದಿದ್ರೆ ನಿನಗೆ ಧೈರ್ಯ ಎಲ್ಲಿಂದ ಬರ್ತಿತ್ತು ಹೇಳು" ಎಂದು ಅವಳ ಬಳಿ ಜಂಭ ಕೊಚ್ಚಿಕೊಂಡೆ. ಅವಳು ನಕ್ಕಳು. ಆದರೆ ನಾನು ಮನೆಗೆ ಹೊರಟ ದಿನ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಬನ್ನಿ ಅಕ್ಕ, ಮನೇಲಿ ಉಪಯೋಗಕ್ಕೆ ಬರುತ್ತೆ" ಎಂದು ನಾಡಿ ಎಣಿಸುವುದನ್ನು ಕಲಿಸಿಕೊಟ್ಟಳು.

ಇದಾಗಿ ಎಷ್ಟೋ ವರ್ಷವಾಯಿತು. ಹುಣ್ಣು ಮಾಯವಾಗಿದೆ. ನಿನ್ನೆ ಸಂಜೆ ಕಚೇರಿಯಿಂದ ತಡವಾಗಿ ಬಂದೆ. "ಭಟ್ಟರ ಹೋಟೆಲಿಗೆ ಹೋಗಿದ್ರಾ?" ಎಂದು ಕೇಳಿದಳು ನನ್ನಾಕೆ. ನಾನು ಉತ್ತರ ಹೇಳುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ಎಣಿಸತೊಡಗಿದ್ದಳು.