ಅಳತೆಗೆ ಹೊಲಿದ ಸಾಫ್ಟ್‌ವೇರ್

ಕಂಪ್ಯೂಟರನ್ನು ಸಂಜೆ ತರಗತಿಯಲ್ಲಿ ಅರ್ಧಂಬರ್ಧ ಕಲಿತ ನಾನು ಈ ಕತೆ ಹೇಳುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಟೈಲರ್ ಅಂಗಡಿಯಲ್ಲಿ ಕಸೂತಿ ಯಂತ್ರ ನಡೆಸುವವನನ್ನು ಎಲ್ಲರೂ ಗಾಬರಿ ಎಂದೇ ಕರೆಯುತ್ತಿದ್ದರು. ಅಂದು ಬೆಳಿಗ್ಗೆ ಯಂತ್ರಕ್ಕೆ ಅಕ್ಷರ ಕಳಿಸುವ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಸಂಜೆ ಐದಕ್ಕೆ ಫುಟ್‌ಬಾಲ್ ತಂಡದ ಹದಿನೈದು ಅಂಗಿಗಳ ಮೇಲೆ ಹೆಸರು ಕೂತಿರಬೇಕು. ಇಲ್ಲದಿದ್ದರೆ ಅವನು ಆರು ತಿಂಗಳಿಂದ ಕಾಯುತ್ತಿದ್ದ ಖಾಯಂ ಕೆಲಸ ಕೈತಪ್ಪುತ್ತದೆ.

ಗಾಬರಿ ಅಂಗಡಿಯ ಯಜಮಾನರಾದ ಮಾಸ್ಟರರಿಗೆ ಹೇಳಿದ, "ಚಿಂತೆ ಮಾಡ್ಬೇಡಿ ಮಾಸ್ಟರ್. ರೆಡಿಮೇಡ್ ಸಿಗುತ್ತೆ, ಐದು ನಿಮಿಷದಲ್ಲಿ ಹಾಕ್ತೀನಿ."

ರೆಡಿಮೇಡ್! ಎದುರಿನ ಸಿದ್ಧ ಉಡುಪಿನ ಅಂಗಡಿ ಕಣ್ಣಿಗೆ ಬೀಳಬಾರದೆಂದು ಕಿಟಕಿಯನ್ನೇ ಮುಚ್ಚಿಸಿದ್ದ ಮಾಸ್ಟರ್ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು.

"ನನ್ನ ಅಂಗಡೀಲಿ ರೆಡಿಮೇಡಾ? ಹೊಲಿದು ಮಾಡೋ ಸಾಫ್ಟ್‌ವೇರ್ ಇಲ್ವೇನಯ್ಯಾ?"

ಸುಳ್ಳು ಹೇಳಲು ಬಾರದ ಗಾಬರಿ ಬಾಯಿಬಿಟ್ಟ. "ಇದೆ. ಸೋರ್ಸ್ ಕೋಡ್ ಅಂತ ಸಿಗುತ್ತೆ, ಬಟ್ಟೆ ಥಾನು ಇದ್ದ ಹಾಗೆ. ತಂದು ನಾವೇ ಕಟ್ಕೋಬೇಕು. ಆದ್ರೆ ಈ ಕಂಪ್ಯೂಟರು ರೆಡಿಮೇಡ್ ತೊಡೋಕೇ ಹುಟ್ಟಿರೋದು ಮಾಸ್ಟರ್..."

"ಥಾನು ಬಿಚ್ಚು!"

ಕಟ್ಟಲು ಕೂತರೆ ಕಂಪ್ಯೂಟರ್ ಒಂದು ಫೈಲ್ ಇಲ್ಲವೆಂದಿತು. ತಂದರೆ ಅದು ಇನ್ನೊಂದನ್ನು ಕೇಳಿತು, ಆ ಇನ್ನೊಂದು ಮತ್ತೆ ನಾಲ್ಕನ್ನು. ಒಬ್ಬರನ್ನು ಊಟಕ್ಕೆ ಕರೆದರೆ ಬೀಗರ ಬೀಗರೂ ಬಂದು ಕೂತ ಹಾಗಾಯಿತು. ಹನ್ನೊಂದರ ಹೊತ್ತಿಗೆ ಅಂತೂ ಪರದೆಯ ಮೇಲೆ ಸಾಲುಗಳು ಓಡತೊಡಗಿದವು. ಸುದ್ದಿ ಕೇಳಿ ಗುಂಡಿ ಅಂಗಡಿಯ ಅಕ್ಕ ಬಂದರು, ಪಕ್ಕದ ಇಸ್ತ್ರಿಯವ ಬಂದ. ಮಾಸ್ಟರರ ತಾಯಿ ಪರದೆಯ ಮುಂದೆಯೇ ಕುರ್ಚಿ ಎಳೆದುಕೊಂಡರು.

"ಏನು ಓಟನಪ್ಪಾ! ಯಾರು ಅಟ್ಟಿಸ್ಕೊಂಡು ಬರ್ತಿದಾರೋ?" ಎಂದರು ಅಜ್ಜಿ.

"ಕಂಪ್ಯೂಟರು ಕಾದು ಕೆಂಡ ಆಗಿದೆ. ಇದರ ಮೇಲೇ ಇಸ್ತ್ರಿ ಮಾಡ್ಬಹುದು," ಎಂದ ಇಸ್ತ್ರಿಯವ, ತನ್ನ ಪೆಟ್ಟಿಗೆಯ ಪ್ಲಗ್ಗನ್ನು ಅಲ್ಲೇ ಸಿಕ್ಕಿಸಿದ. ಫ್ಯೂಸ್ ಹಾರಿತು.

ಮತ್ತೆ ಮೊದಲಿನಿಂದ!

"ನೂಲು ಕಿತ್ರೆ ಪೋಣಿಸಲ್ವೇನೋ? ಕೂತ್ಕೋ!" ಎಂದರು ಮಾಸ್ಟರ್.

ಮೂರು ಗಂಟೆಗೆ ಓಟ ನಿಂತಿತು. ಸಾಫ್ಟ್‌ವೇರ್ ತೆರೆಯಿತು! ಅಕ್ಕ ಚಪ್ಪಾಳೆ ತಟ್ಟಿದರು. ಯಂತ್ರ ಟಕಟಕನೆ ಹೆಸರು ಹೊಲಿಯಿತು. ದಾರ ತರಲು, ಅಂಗಿ ಮಡಚಲು, ಗಾಬರಿ ಒಳಗೂ ಹೊರಗೂ ಓಡಿದ. ಐದಕ್ಕೆ ಹದಿನೈದೂ ಸಿದ್ಧ.

ಮಾಸ್ಟರ್ ಕೊನೆಯ ಅಂಗಿಯನ್ನು ಬೆಳಕಿಗೆ ಹಿಡಿದರು. "ನೋಡ್ರಪ್ಪಾ! ಹೊಲಿದ ಸಾಫ್ಟ್‌ವೇರಿನ ಗತ್ತು! ರೆಡಿಮೇಡಿಗೆ ಬರುತ್ತಾ ಇದು?"

ಅಜ್ಜಿ ಗಾಬರಿಯ ತೋಳು ಹಿಡಿದೆಳೆದು ಪಿಸುಗುಟ್ಟಿದರು. "ಮಗಾ, ನೀನು ಒಳಗೆ ಹೋಗಿದ್ದಾಗ ಒಂದು ಚೌಕ ಬಂದು 'ಹೊಸದು ಬಂದಿದೆ, ಹಾಕಲೇ?' ಅಂತ ಕೇಳ್ತು. ಅಷ್ಟು ಮರ್ಯಾದೆಯಿಂದ ಕೇಳಿದ್ರೆ ಬೇಡ ಅನ್ನೋಕಾಗುತ್ತಾ? ಹೂಂ ಅಂತ ಒತ್ತಿದೆ."

ಗಾಬರಿ ಓಡಿಹೋಗಿ ನೋಡಿದ. ದಿನವಿಡೀ ಕಟ್ಟಿದ್ದು ಮಾಯ. ಅದರ ಜಾಗದಲ್ಲಿ ಕಂಪ್ಯೂಟರ್ ತಾನೇ ತರಿಸಿಕೊಂಡ ರೆಡಿಮೇಡ್ ಕಾಲು ಚಾಚಿ ಕೂತಿತ್ತು.

ಅವನು ಬಾಯಿ ತೆರೆಯುವಷ್ಟರಲ್ಲಿ ಮಾಸ್ಟರ್ ಹೆಗಲ ಮೇಲೆ ಕೈಯಿಟ್ಟರು. "ಈ ಕಂಪ್ಯೂಟರೊಳಗೆ ರೆಡಿಮೇಡ್ ಸಾಫ್ಟ್‌ವೇರು ಇನ್ನೂ ಎಷ್ಟಿದೆಯಪ್ಪಾ?"

"ಸಾವಿರದ... ಮುನ್ನೂರು."

"ಎಲ್ಲಾ ಬಿಚ್ಚು, ಹೊಲಿ. ಮುಗಿದ ದಿನ ನಿನ್ನ ಕೆಲಸ ಖಾಯಂ!"

ಹದಿನೈದರಲ್ಲಿ ಎಷ್ಟು ಅಂಗಿ ಹೊಲಿದ ಸಾಫ್ಟ್‌ವೇರಿನವು, ಎಷ್ಟು ರೆಡಿಮೇಡಿನವು? ಒತ್ತಿದ ಹೊತ್ತು ಅಜ್ಜಿಗೆ ನೆನಪಿಲ್ಲ, ಹೊಲಿಗೆಯಲ್ಲಿ ಗುರುತಿಲ್ಲ. ನನಗೂ ಗೊತ್ತಿಲ್ಲ.